ನಿರ್ಜನವೆಂಬ ಸುಳ್ಳು

ದಕ್ಷಿಣ ಆಫ್ರಿಕಾ ಖಂಡಭಾಗದ ಕಾಡುಗಳಿಗೆ ಸಫಾರಿ ಹೊರಡುವ ಬೆಂಗಳೂರಿನ ಪ್ರವಾಸಿಯ ಸಿದ್ಧತೆ ಅಚ್ಚುಕಟ್ಟಾದುದು. ಅಂಗೋಲದಲ್ಲಿ ಸುರಿದ ಮಳೆ ತಿಂಗಳುಗಳ ತರುವಾಯ, ಒಣ ಚಳಿಗಾಲದಲ್ಲಿ, ಬೋಟ್ಸ್ವಾನದ ಒಕವಾಂಗೊ ಜೌಗನ್ನು ತುಂಬುತ್ತದೆಂಬುದೂ ಅವನಿಗೆ ಗೊತ್ತು. ಆ ‘ನಿರ್ಜನ’ ಕಾಡು ನಿರ್ಜನವಾದ ಬಗೆಯನ್ನು ಮಾತ್ರ ಯಾರೂ ತಿಳಿಸುವುದಿಲ್ಲ.

ಅದೇ ದೇಶದ ಮಧ್ಯ ಕಲಹಾರಿ ಅಭಯಾರಣ್ಯ 1961ರಲ್ಲಿ ರಚಿತವಾದಾಗ ಅದು ಸಾನ್ ಜನರ ನೆಲೆಯಾಗಿತ್ತು. 1997ರಲ್ಲೂ 2002ರಲ್ಲೂ ಸರಕಾರ ಅವರನ್ನು ಹೊರಸಾಗಿಸಿತು, ಕೊಳವೆಬಾವಿಯನ್ನೂ ಮುಚ್ಚಿಸಿತು. ಇದು ಅಕ್ರಮ ಒಕ್ಕಲೆಬ್ಬಿಸುವಿಕೆಯೆಂದು 2006ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಹೇಳಿದರೂ, ಬಾವಿಯ ನೀರಿಗಾಗಿ ಅವರು 2011ರವರೆಗೆ ನ್ಯಾಯಾಲಯಕ್ಕೆ ಅಲೆದರು. ಆ ನಡುವೆ, 2009ರಲ್ಲಿ, ಅಭಯಾರಣ್ಯದೊಳಗೆ ತೆರೆದ ಪ್ರವಾಸಿ ವಸತಿಗೃಹಕ್ಕೆ ಈಜುಕೊಳವಿತ್ತು!

ನಾಗರಹೊಳೆಯ ಜೇನುಕುರುಬರಿಗೆ ಇದು ಹೊಸ ಕಥೆಯಲ್ಲ. ಅವರನ್ನು ಹೊರಗಟ್ಟಿದ ಕಾಡಿನಲ್ಲೇ ಐಷಾರಾಮಿ ವಸತಿಗೃಹ ಎದ್ದಿತ್ತು. 1997ರಲ್ಲಿ ಹೈಕೋರ್ಟ್ ತಡೆಯಿತು.

ಪ್ರವಾಸಿ ವಿಮಾನವೇರುವ ದೇವನಹಳ್ಳಿಯದಾದರೂ ಬೇರೆಯೇ? 2008ರಲ್ಲಿ ತೆರೆದ ನಿಲ್ದಾಣಕ್ಕೆ ಸುಮಾರು 4,000 ಎಕರೆ ಸಂದಿತು. ಸಾಲದೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವೈಮಾನಿಕ ಉದ್ಯಾನಕ್ಕೆ ಬಯಸಿದರು. ರಾಗಿ, ದ್ರಾಕ್ಷಿ, ತರಕಾರಿ ಬೆಳೆಯುವ ಆ ಕೆಂಪುಮಣ್ಣೂ ಯೋಜಕರ ನಕ್ಷೆಯಲ್ಲಿ ಬರಿದೇ! 2022ರ ಏಪ್ರಿಲ್‌ನಿಂದ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತ ಬಳಿಕವಷ್ಟೇ, 2025ರ ಜುಲೈ 15ರಂದು, ಸರಕಾರ ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಿತು.

ಆಫ್ರಿಕಾಕ್ಕೆ ಹೋಗಲೇಬಾರದೆಂದಲ್ಲ. ಮುಂಗಡ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಲಿ: ಈ ಕಾಡಿನ ಮೂಲಜನರಿಗೆ ಇದರಲ್ಲಿ ಪಾಲೆಷ್ಟು? ಕ್ರೂಗರ್ ಉದ್ಯಾನದ ಉತ್ತರ ತುದಿಯಲ್ಲಿ ಇದಕ್ಕೆ ಉತ್ತರವುಂಟು. 1969ರಲ್ಲಿ ಅಲ್ಲಿಂದ ಕಿತ್ತೆಸೆಯಲ್ಪಟ್ಟ ಮಕುಲೇಕೆ ಸಮುದಾಯ 1998ರಲ್ಲಿ ಒಡೆತನ ಮರಳಿ ಪಡೆಯಿತು. ಕಾಡು ಕಾಡಾಗಿಯೇ ಇದೆ, ವಸತಿಗೃಹಗಳ ಆದಾಯದಲ್ಲಿ ಅವರಿಗೂ ಪಾಲಿದೆ.