ಗೀರು ನೋಡ್ತಾರೆ, ಡಿಸ್ಕ್ ಎಣಿಸಲ್ಲ

ಚೆನ್ನೈಗೆ ಬಂದು ಒಂಬತ್ತು ವರ್ಷ. ಅಷ್ಟರಲ್ಲಿ ನಾಲ್ಕು ಬಾಡಿಗೆ ಮನೆ ಬದಲಿಸಿದ್ದೇನೆ. ಪ್ರತಿ ಸಲ ಖಾಲಿ ಮಾಡುವಾಗಲೂ ಒಂದೇ ನಾಟಕ. ಮಾಲೀಕರು ಗೋಡೆಯಲ್ಲಿ ಎಷ್ಟು ಮೊಳೆ ಹೊಡೆದಿದ್ದೀವಿ ಎಂದು ಎಣಿಸುತ್ತಾರೆ, ಗೀಸರ್ ಹಾಕಿ ನೋಡುತ್ತಾರೆ, ಕೊನೆಗೆ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್‌ನಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಊರು ಬಿಟ್ಟು ದುಡಿಯುವ ನಮಗೆಲ್ಲ ಇದು ಗೊತ್ತಿರುವ ಕಥೆಯೇ. ಆಗ ಮೈಯೆಲ್ಲ ಉರಿಯುತ್ತದೆ. ಆದರೆ ನಮ್ಮ ಹಳೇ ವಸ್ತು ಮಾರುವಾಗ? ಮಂಚ, ವಾಷಿಂಗ್ ಮೆಷಿನ್, ಬೈಕು ಕೈ ಬದಲಿಸುವಾಗ ಎದುರಿನವನು ಜಾಸ್ತಿ ಕೆದಕದಿದ್ದರೆ ಸಾಕು ಎಂದು ಒಳಗೊಳಗೇ ಅಂದುಕೊಳ್ಳುವುದಿಲ್ಲವೇ?

ನಾನು ಅಂದುಕೊಂಡಿದ್ದೆ. ಅದನ್ನೇ ಹೇಳಲು ಹೊರಟಿದ್ದೇನೆ.

ಮದುವೆಯಾದ ಮೇಲೆ ಪೆರುಂಗುಡಿಯ ರೂಮ್‌ಮೇಟ್‌ಗಳ ಫ್ಲ್ಯಾಟ್ ಬಿಟ್ಟು ಶೋಲಿಂಗನಲ್ಲೂರಿನ ಬೇರೆ ಮನೆಗೆ ಹೋಗಬೇಕಿತ್ತು. ಸಾಮಾನು ಕಟ್ಟುವಾಗ ಪಿಎಸ್4ನ ಏಳು ಗೇಮ್‌ಗಳು ಕಪಾಟಿನಲ್ಲಿ ಸುಮ್ಮನೆ ಕೂತಿದ್ದವು. ಬ್ಯಾಗಿಗೆ ಹಾಕಿಕೊಂಡು ಒಂದು ಶನಿವಾರ ರಿಚ್ಚಿ ಸ್ಟ್ರೀಟಿಗೆ ಹೋದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಚೆನ್ನೈನವರಿಗೆ ಮೌಂಟ್ ರೋಡಿಗೆ ಅಂಟಿಕೊಂಡ ಈ ಬೀದಿ ಹಾಗೆ. ಕೇಬಲ್, ಸಿಸಿಟಿವಿ, ಮದರ್‌ಬೋರ್ಡ್, ಬಿಚ್ಚಿಟ್ಟ ಲ್ಯಾಪ್‌ಟಾಪ್ ಏನು ಬೇಕಾದರೂ ಸಿಗುತ್ತದೆ. ಆ ಕಡೆಯ ಗಲ್ಲಿಯೊಂದರಲ್ಲಿ ಹಳೇ ಗೇಮ್ ಕೊಂಡು ಮಾರುವ ಅಂಗಡಿ. ಹೆಸರು ಬೇಡ, ತಪ್ಪು ಅವರದಷ್ಟೇ ಅಲ್ಲ.

ಏಳರಲ್ಲಿ ಒಂದು ರೆಡ್ ಡೆಡ್ ರಿಡೆಂಪ್ಷನ್ 2. ಗೇಮ್ ಆಡದವರಿಗಾಗಿ ಸ್ವಲ್ಪ ವಿವರ: 2018ರ ಅಕ್ಟೋಬರಿನಲ್ಲಿ ಬಂದ ಈ ಆಟ ಎಷ್ಟು ದೊಡ್ಡದೆಂದರೆ ಪಿಎಸ್4ನಲ್ಲಿ ಎರಡು ಡಿಸ್ಕ್‌ಗಳಲ್ಲಿ ಬರುತ್ತದೆ. ಒಂದರ ಮೇಲೆ ಡೇಟಾ ಎಂದಿರುತ್ತದೆ, ಇನ್ನೊಂದರ ಮೇಲೆ ಪ್ಲೇ. ಡೇಟಾ ಡಿಸ್ಕನ್ನು ಮೊದಲ ದಿನ ಹಾಕಿ ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡರೆ ಮುಗಿಯಿತು, ಆಮೇಲೆ ದಿನಾ ಬೇಕಾಗುವುದು ಪ್ಲೇ ಡಿಸ್ಕ್ ಮಾತ್ರ. ಹಾಗಾಗಿಯೇ ಮೊದಲು ಕಳೆದುಹೋಗುವುದೂ ಡೇಟಾ ಡಿಸ್ಕೇ. ನನ್ನದೂ ಕಳೆದಿತ್ತು. ಡಬ್ಬಿಯೊಳಗೆ ಅದರ ಜಾಗದಲ್ಲಿ ಆಟದ ಜೊತೆ ಬಂದ ಕಾಗದದ ನಕ್ಷೆ ಮಡಚಿ ಕೂತಿತ್ತು.

ಅಂಗಡಿಯವರು ಒಂದೊಂದೇ ಡಬ್ಬಿ ತೆರೆದು, ಡಿಸ್ಕ್ ಎತ್ತಿ, ಟ್ಯೂಬ್‌ಲೈಟಿಗೆ ಹಿಡಿದು ಓರೆಯಾಗಿ ನೋಡಿದರು. ಒಂದರ ಮೇಲೆ ಕೂದಲೆಳೆಯಂಥ ಎರಡು ಗೀರು ಕಂಡಿದ್ದಕ್ಕೆ 200 ರೂಪಾಯಿ ಕಡಿಮೆ ಮಾಡಿದರು. ರೆಡ್ ಡೆಡ್‌ನ ಪ್ಲೇ ಡಿಸ್ಕ್ ಕನ್ನಡಿಯಂತಿತ್ತು. ‘ಸೂಪರ್ ಸಾರ್’ ಎಂದು 900 ರೂಪಾಯಿ ಬರೆದುಕೊಂಡರು. ನಕ್ಷೆಯನ್ನು ಎತ್ತಿ ನೋಡಲಿಲ್ಲ. ನನಗೆ ಗೊತ್ತಿತ್ತು. ಸುಮ್ಮನಿದ್ದೆ. ಒಂದೇ ಸಲ ಬೇಕಾಗುವ ಡಿಸ್ಕ್ ತಾನೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಎಂ.ಟೆಕ್ ಓದಿದವನಿಗೆ, ಆ ಒಂದು ಸಲವೇ ಇಲ್ಲದಿದ್ದರೆ ಮುಂದಿನದು ಯಾವುದೂ ಇಲ್ಲ ಎಂದು ಯಾರೂ ವಿವರಿಸಬೇಕಿರಲಿಲ್ಲ.

ಮೂರು ವಾರ ಬಿಟ್ಟು ಕಂಟ್ರೋಲರ್ ರಿಪೇರಿಗೆಂದು ಅದೇ ಅಂಗಡಿಗೆ ಹೋದಾಗ ಕೌಂಟರಿನಲ್ಲಿ ಒಬ್ಬ ಹುಡುಗ ನಿಂತಿದ್ದ. ಕುತ್ತಿಗೆಯಲ್ಲಿ ಒರಗಡಂ ಕಡೆಯ ಕಾರ್ಖಾನೆಯೊಂದರ ಐಡಿ ಕಾರ್ಡ್. ಎದುರಿಗೆ ಮೂಲೆ ಸೀಳಿದ ಅದೇ ಡಬ್ಬಿ. 1,500 ಕೊಟ್ಟು ಕೊಂಡಿದ್ದನಂತೆ. ಅಂಗಡಿಯವರು ‘ತಂಬಿ, ಕೊಡುವಾಗ ಎಲ್ಲ ಸರಿ ಇತ್ತು, ನೀನೇ ಎಲ್ಲೋ ಕಳೆದಿದ್ದೀಯ’ ಎನ್ನುತ್ತಿದ್ದಾರೆ. ಹುಡುಗ ಪಕ್ಕಕ್ಕೆ ಸರಿದು ಫೋನ್ ಹಚ್ಚಿದ. ‘ಇಲ್ಲಣ್ಣ, ನಾನೇನ್ ಕಳೀಲಿಲ್ಲ, ತಂದಾಗ್ಲೇ ಒಂದೇ ಇತ್ತು’ ಅಂದ. ಕನ್ನಡ. ಹೊಸೂರು ಕಡೆಯವನಂತೆ, ಆಮೇಲೆ ಗೊತ್ತಾಯಿತು.

ತಮಿಳಿನಲ್ಲಿ ಅಂದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಬಿಡುತ್ತಿದ್ದೆ ಎಂದು ಬರೆದುಕೊಳ್ಳಲು ಧೈರ್ಯ ಬರುತ್ತಿಲ್ಲ. ಅಂತೂ ‘ಅದು ನಾನು ಮಾರಿದ್ದು, ಆಗಲೇ ಒಂದೇ ಡಿಸ್ಕ್ ಇತ್ತು’ ಎಂದು ಹೇಳಿದೆ. ಅಂಗಡಿಯವರು ನನ್ನನ್ನು ಒಂದು ಸಲ ನೋಡಿದರು. ಹುಡುಗನಿಗೆ ದುಡ್ಡು ವಾಪಸ್ ಕೊಟ್ಟರು, ನನ್ನಿಂದ 900 ವಸೂಲಿ ಮಾಡಿದರು. ಬೈಯಲಿಲ್ಲ. ‘ಸಾರ್, ಬರೋರೆಲ್ಲ ಸ್ಕ್ರ್ಯಾಚ್ ಇದೆಯಾ ಅಂತ ಮಾತ್ರ ಕೇಳ್ತಾರೆ. ಎಷ್ಟು ಡಿಸ್ಕ್ ಅಂತ ಯಾರೂ ಕೇಳಲ್ಲ. ಅದಕ್ಕೆ ನಾನೂ ಅದನ್ನೇ ನೋಡ್ತೀನಿ’ ಅಂದರು.

ಅವರ ಆ ಮಾತು ತಲೆಯಲ್ಲಿ ಉಳಿದುಬಿಟ್ಟಿದೆ. ಏಕೆಂದರೆ ಇಡೀ ಹಳೇ ಗೇಮ್ ವ್ಯಾಪಾರ ನೋಡಬಾರದ್ದನ್ನು ನೋಡಿ, ನೋಡಬೇಕಾದ್ದನ್ನು ಬಿಡುತ್ತಿದೆ.

ಗೀರಿನ ವಿಷಯವನ್ನೇ ತೆಗೆದುಕೊಳ್ಳಿ. ನಮಗೆಲ್ಲ ಗೀರಿನ ಭಯ ಹತ್ತಿದ್ದು ಸಿಡಿ ಕಾಲದಲ್ಲಿ. ಬಾಡಿಗೆಗೆ ತಂದ ಸಿನಿಮಾ ಸಿಡಿ ಕ್ಲೈಮ್ಯಾಕ್ಸಿಗೆ ಸರಿಯಾಗಿ ಚೌಕ ಚೌಕವಾಗಿ ಒಡೆದು ನಿಲ್ಲುತ್ತಿತ್ತಲ್ಲ, ಆ ಭಯ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಕೆಳಗಿನ 1.2 ಮಿಲಿಮೀಟರ್ ಪ್ಲಾಸ್ಟಿಕ್ಕಿನ ಆಚೆ, ಹೆಸರು ಅಚ್ಚಾದ ಬದಿಗೆ ಅಂಟಿಕೊಂಡು. ಡಿವಿಡಿಯಲ್ಲಿ ನಡುಮಧ್ಯೆ, 0.6 ಮಿಲಿಮೀಟರ್ ಆಳದಲ್ಲಿ. ಪಿಎಸ್4, ಪಿಎಸ್5 ಗೇಮ್‌ಗಳು ಬರುವ ಬ್ಲೂ-ರೇಯಲ್ಲಿ ಮಾಹಿತಿ ಇರುವುದು ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗೆ. ಇಷ್ಟು ಹತ್ತಿರ ಇರುವುದರಿಂದಲೇ ಅದರ ಮೇಲೆ ಗಟ್ಟಿಯಾದ ರಕ್ಷಣಾ ಲೇಪ ಹಾಕಿರುತ್ತಾರೆ. ಸಾಮಾನ್ಯ ಬಳಕೆಯಲ್ಲಿ ಅದಕ್ಕೆ ಸುಲಭವಾಗಿ ಗೀರು ಬೀಳುವುದಿಲ್ಲ, ಬಿದ್ದ ಕೂದಲೆಳೆಯ ಗೀರಿನಿಂದ ಆಟ ನಿಲ್ಲುವುದೂ ಅಪರೂಪ. ನನ್ನ 200 ರೂಪಾಯಿ ಹೋಗಿದ್ದು ಯಾವ ತೊಂದರೆಯನ್ನೂ ಮಾಡದ ಗೀರಿಗೆ. ಆದರೆ ಲೇಪ ದಾಟಿ ಆಳವಾಗಿ ಬಿದ್ದರೆ ಕಥೆ ಮುಗಿಯಿತು. ಸಿಡಿ, ಡಿವಿಡಿಗಳನ್ನು ಮೆಷಿನ್ನಿನಲ್ಲಿ ಉಜ್ಜಿ ನುಣುಪು ಮಾಡುತ್ತಿದ್ದಂತೆ ಇದನ್ನು ಮಾಡಲು ಉಜ್ಜುವಷ್ಟು ಪ್ಲಾಸ್ಟಿಕ್ಕೇ ಅಲ್ಲಿಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವವರಿದ್ದಾರೆ, ದಯವಿಟ್ಟು ಬೇಡ. ಹಲ್ಲಿಗೇ ಇರಲಿ.

ನಿಜಕ್ಕೂ ನೋಡಬೇಕಾದ ಜಾಗ ನಡುವಿನ ತೂತು. ಡಬ್ಬಿಯ ಗುಂಡಿ ಒತ್ತದೆ ಅಂಚು ಹಿಡಿದು ಎಳೆದೆಳೆದು ತೆಗೆಯುವವರ ಡಿಸ್ಕಿನಲ್ಲಿ ತೂತಿನ ಸುತ್ತ ಸಣ್ಣ ಬಿರುಕು ಹುಟ್ಟುತ್ತದೆ. ಡ್ರೈವ್‌ನಲ್ಲಿ ಜೋರಾಗಿ ಸುತ್ತುವಾಗ ಅದು ಹೊರಗೆ ಹರಡುತ್ತದೆ. ಟ್ಯೂಬ್‌ಲೈಟಿಗೆ ಹೊಳಪು ನೋಡುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಸ್ಥಿತಿಯ ಮಾತು ಇಷ್ಟಾದರೆ, ಪೂರ್ತಿ ಇದೆಯೋ ಇಲ್ಲವೋ ಎನ್ನುವುದು ಇನ್ನೂ ತೊಡಕಿನದು. ನಾನು ದಾವಣಗೆರೆಯಲ್ಲಿ ಶಾಲೆಗೆ ಹೋಗುವಾಗ ಟಿವಿ ಗೇಮ್ ಕ್ಯಾಸೆಟ್ಟುಗಳ ಕಾಲ. ಹಳೇ ಕ್ಯಾಸೆಟ್ ಜೊತೆ ಹತ್ತು ರೂಪಾಯಿ ಕೊಟ್ಟರೆ ಅಂಗಡಿಯಲ್ಲಿ ಬೇರೆಯದು ಕೊಡುತ್ತಿದ್ದರು. ಅಲ್ಲೇ ಇದ್ದ ಟಿವಿಗೆ ಹಾಕಿ ಮಾರಿಯೋ ಓಡಿದರೆ ಪರೀಕ್ಷೆ ಮುಗಿಯಿತು. 9999 ಇನ್ 1 ಎಂದು ಬರೆದು ಒಳಗೆ ಹತ್ತಿಪ್ಪತ್ತು ಆಟವನ್ನೇ ತಿರುಗಿಸಿ ತಿರುಗಿಸಿ ತುಂಬಿರುತ್ತಿದ್ದರು, ಅದು ಬೇರೆ ಮಾತು. ಆದರೆ ಓಡಿದ ಆಟ ಪೂರ್ತಿ ಓಡುತ್ತಿತ್ತು.

ಈಗ ಹಾಗಿಲ್ಲ. 2010ರಲ್ಲಿ ಇಎ ಕಂಪನಿ ಆನ್‌ಲೈನ್ ಪಾಸ್ ಶುರು ಮಾಡಿತು. ಹೊಸ ಡಬ್ಬಿಯಲ್ಲಿ ಒಂದು ಕೋಡ್ ಇರುತ್ತದೆ, ಮೊದಲು ಕೊಂಡವನು ಅದನ್ನು ಬಳಸಿದರೆ ಮುಗಿಯಿತು, ಎರಡನೆಯವನು ಬೇರೆಯವರ ಜೊತೆ ಆನ್‌ಲೈನ್ ಆಡಲು ಮತ್ತೆ ದುಡ್ಡು ಕೊಡಬೇಕು. 2011ರ ಬ್ಯಾಟ್‌ಮ್ಯಾನ್: ಆರ್ಖಮ್ ಸಿಟಿಯಲ್ಲಿ ಕ್ಯಾಟ್‌ವುಮನ್ ಭಾಗವನ್ನೇ ಹೀಗೆ ಕೋಡಿನ ಹಿಂದೆ ಇಟ್ಟರು. ಹಳೇ ಪ್ರತಿ ಕೊಂಡವನಿಗೆ ಡಿಸ್ಕ್ ಹೊಳೆಯುತ್ತದೆ, ಡಬ್ಬಿಯೂ ಇದೆ, ಕ್ಯಾಟ್‌ವುಮನ್ ಇಲ್ಲ. ಇಎ 2013ರಲ್ಲಿ ಆನ್‌ಲೈನ್ ಪಾಸ್ ಕೈಬಿಟ್ಟರೂ ಒಂದೇ ಸಲ ಬಳಸುವ ಕೋಡಿನ ಚೀಟಿಗಳು ಡಬ್ಬಿಗಳಲ್ಲಿ ಉಳಿದವು. 2022ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2ರ ಪಿಎಸ್5 ಡಿಸ್ಕಿನಲ್ಲಿ ಇದ್ದದ್ದು ಸುಮಾರು 70 ಎಂಬಿ, ಉಳಿದದ್ದೆಲ್ಲ ಡೌನ್‌ಲೋಡ್. ಮದುವೆಯ ನಾಲ್ಕೈದು ಫೋಟೋ ತುಂಬಿಸಿದರೆ ಖಾಲಿಯಾಗುವಷ್ಟು ಜಾಗ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ಕ್ಕೆ ಕೆಲವು ಗೇಮ್‌ಗಳು ಬರುವ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಬೀಗದ ಕೈ ಮಾತ್ರ. ಮಾರಬಹುದು, ಕೊಳ್ಳಬಹುದು. ಆದರೆ ಏನು ಕೊಳ್ಳುತ್ತಿದ್ದೇವೆ ಎಂದು ಗೊತ್ತಿರಬೇಕಲ್ಲ?

ನಮ್ಮ ಕಡೆ ಇನ್ನೊಂದು ತೊಡಕಿದೆ. ಅಮೆರಿಕದಲ್ಲಿರುವ ಅಣ್ಣನೋ ಭಾವನೋ ತಂದುಕೊಟ್ಟ ಡಿಸ್ಕ್ ಇಲ್ಲಿಯ ಪಿಎಸ್4ನಲ್ಲಿ ಓಡುತ್ತದೆ, ಆದರೆ ಅದರ ಹೆಚ್ಚುವರಿ ಭಾಗಗಳನ್ನು ಭಾರತದ ಖಾತೆಯಿಂದ ಕೊಂಡರೆ ಹೊಂದುವುದಿಲ್ಲ. ಪ್ರದೇಶ ಬೇರೆ. ಎರಡನೇ ಕೈಯಲ್ಲಿ ಕೊಳ್ಳುವ ಹುಡುಗನಿಗೆ ಇದು ತಿಳಿಯುವುದು 1,000 ರೂಪಾಯಿ ಕಳೆದ ಮೇಲೆ.

ಹಳೇ ಬೈಕು ಮಾರಿದರೆ ಆರ್‌ಸಿ ಕೇಳುತ್ತಾರೆ, ಫಾರಂ 29, 30ಕ್ಕೆ ಸಹಿ ಹಾಕಿಸುತ್ತಾರೆ. ಹಳೇ ಫೋನ್ ಕೊಟ್ಟರೆ ಡಬ್ಬಿ, ಚಾರ್ಜರ್, ಬಿಲ್, ಐಎಂಇಐ ನೋಡುತ್ತಾರೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪಠ್ಯಪುಸ್ತಕ ಕೊಳ್ಳುವಾಗ ನಾವೇ ಕೊನೇ ಪುಟದವರೆಗೆ ತಿರುವಿ ನೋಡುತ್ತಿದ್ದೆವು. ಜಪಾನಿನ ಹಳೇ ಗೇಮ್ ಅಂಗಡಿಗಳಲ್ಲಿ ವಸ್ತುವಿನ ಮೇಲೆಯೇ ಚೀಟಿ ಅಂಟಿಸಿರುತ್ತಾರೆ: ಡಬ್ಬಿ ಇಲ್ಲ, ಕೈಪಿಡಿ ಇಲ್ಲ. ಅಲ್ಲಿ ಗೇಮ್ ಕಂಪನಿಗಳು ಹಳೇ ಗೇಮ್ ಮಾರಾಟವನ್ನೇ ನಿಲ್ಲಿಸಲು ಕೋರ್ಟಿಗೆ ಹೋಗಿದ್ದವು, 2002ರಲ್ಲಿ ಸುಪ್ರೀಂ ಕೋರ್ಟ್ ಅಂಗಡಿಗಳ ಪರ ತೀರ್ಪು ಕೊಟ್ಟಿತು. ಇಲ್ಲಿ ನಮ್ಮನ್ನು ಯಾರೂ ತಡೆಯುತ್ತಿಲ್ಲ, ಚೀಟಿ ಬರೆಯುವ ಅಭ್ಯಾಸ ಮಾತ್ರ ಬಂದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಗೇಮ್ ತೆಗೆದುಕೊಳ್ಳುವಾಗ ಒಂದು ಚೀಟಿ. ಎಷ್ಟು ಡಿಸ್ಕ್ ಇರಬೇಕು, ಎಷ್ಟು ಇವೆ, ಕೋಡ್ ಬಳಸಿದ್ದೋ ಇಲ್ಲವೋ, ಯಾವ ಪ್ರದೇಶದ್ದು, ಅಂಗಡಿಯಲ್ಲಿ ಹಾಕಿ ನೋಡಿದ್ದೋ ಇಲ್ಲವೋ. ಕೊಟ್ಟವನ ಸಹಿ. ಅದೇ ಚೀಟಿ ಡಬ್ಬಿಯಲ್ಲೇ ಉಳಿದು ಕೊಳ್ಳುವವನ ಕೈ ಸೇರಬೇಕು. ಈ ಮಾತನ್ನು ಅಂಗಡಿಯವರ ಮುಂದಿಟ್ಟಾಗ ನಕ್ಕರು. ಒಂದೊಂದು ಗೇಮ್ ಇನ್‌ಸ್ಟಾಲ್ ಮಾಡಿ ನೋಡಲು ಮುಕ್ಕಾಲು ಗಂಟೆ ಬೇಕು, ಉಳಿಯುವ ಲಾಭ 300–400 ರೂಪಾಯಿ, ಅಂಗಡಿ ಬಾಡಿಗೆ ಯಾರು ಕಟ್ಟುತ್ತಾರೆ ಎಂದರು. ಒಪ್ಪುವ ಮಾತೇ. ಎಲ್ಲವನ್ನೂ ಹಾಕಿ ನೋಡಲಾಗದು. ಆದರೆ ನಕ್ಷೆ ಎತ್ತಿ ಡಿಸ್ಕ್ ಎಣಿಸಲು ಮುಕ್ಕಾಲು ಗಂಟೆ ಬೇಕಿಲ್ಲ. ಹಾಕಿ ನೋಡಿಲ್ಲ ಎಂದು ಬರೆಯಲೂ ಬೇಕಿಲ್ಲ.

ಅವರು ಹೇಳದ ಇನ್ನೊಂದು ತೊಂದರೆ ಇದೆ, ನನಗೆ ಅದೇ ಹೆಚ್ಚು ಗಟ್ಟಿ ಎನಿಸುತ್ತದೆ. ಕೋಡ್ ಬಳಸಿದ್ದೇನೆ, ಡಿಸ್ಕ್ ಕಳೆದಿದೆ ಎಂದು ತಾನಾಗಿ ಹೇಳಿದವನಿಗೆ ಕಡಿಮೆ ದುಡ್ಡು. ನನ್ನಂತೆ ಸುಮ್ಮನಿದ್ದವನಿಗೆ ಪೂರ್ತಿ. ಹೀಗಿದ್ದರೆ ಯಾರು ಬಾಯಿ ಬಿಡುತ್ತಾರೆ? ಹಾಗಾಗಿ ಮುಂದೆ ಬಂದು ಹೇಳಿದ್ದಕ್ಕೆ ಕಡಿತ ಕಡಿಮೆ ಇರಲಿ, ಮುಚ್ಚಿಟ್ಟದ್ದು ಆಮೇಲೆ ಸಿಕ್ಕಿದರೆ ಪೂರ್ತಿ ಹಣ ವಾಪಸ್ ತೆಗೆದುಕೊಳ್ಳಲಿ. ಕೂದಲೆಳೆಯ ಗೀರಿಗೆ 200 ಮುರಿಯುವುದನ್ನು ಮಾತ್ರ ಇವತ್ತೇ ಬಿಡಬಹುದು.

ಇವೆಲ್ಲ ಸಣ್ಣ ಮೊತ್ತ ಎನ್ನಬೇಡಿ. ಪಿಎಸ್5ನ ದೊಡ್ಡ ಗೇಮ್ ಹೊಸದಕ್ಕೆ 4,999 ರೂಪಾಯಿ. ನಮ್ಮಂಥವರು ಆಫೀಸಿನಲ್ಲೇ ಕೂತು ಆರ್ಡರ್ ಮಾಡುತ್ತೇವೆ. ಹಳೇ ಡಿಸ್ಕ್ ಹುಡುಕಿಕೊಂಡು ಒರಗಡಂನಿಂದ ಎರಡು ಬಸ್ ಬದಲಿಸಿ ಬರುವವನು ಅದನ್ನು ಕೊಳ್ಳಲಾಗದವನು. ನಾವು ಮುಚ್ಚಿಟ್ಟ ಪ್ರತಿ ಕೊರತೆಯೂ ಹೋಗಿ ಬೀಳುವುದು ಅವನ ತಲೆಯ ಮೇಲೆ.

ಡೇಟಾ ಡಿಸ್ಕ್ ಕೊನೆಗೂ ಸಿಕ್ಕಿತು, ಪೆರುಂಗುಡಿಯ ರೂಮ್‌ಮೇಟ್‌ನ ಫಿಫಾ ಡಬ್ಬಿಯಲ್ಲಿ. ಅಂಗಡಿಗೆ ಕೊಟ್ಟುಬಂದೆ. ಹುಡುಗನಿಗೆ ಫೋನ್ ಮಾಡಿ ಕರೆಸಿ, ಎರಡೂ ಡಿಸ್ಕ್ ಸೇರಿಸಿ ಮತ್ತೆ 1,500ಕ್ಕೇ ಮಾರಿದರಂತೆ. ವ್ಯಾಪಾರ ವ್ಯಾಪಾರವೇ.

ಕಳೆದ ತಿಂಗಳು ಇನ್ನೂ ನಾಲ್ಕು ಗೇಮ್ ಕೊಡಲು ಹೋದೆ. ಈ ಸಲ ಮನೆಯಲ್ಲೇ ಚೀಟಿ ಬರೆದು ಡಬ್ಬಿಗಳೊಳಗೆ ಇಟ್ಟಿದ್ದೆ. ಹೆಂಡತಿ ‘ಇದೇನ್ರೀ, ಔಷಧಿ ಚೀಟಿ ಥರ’ ಎಂದು ನಕ್ಕಳು. ಒಂದರಲ್ಲಿ ಕೋಡ್ ಬಳಸಿದೆ ಎಂದಿದ್ದನ್ನು ಓದಿ ಅಂಗಡಿಯವರು 150 ರೂಪಾಯಿ ಕಡಿಮೆ ಮಾಡಿದರು. ಉಳಿದ ಮೂರನ್ನು ಹಾಗೇ ಪಕ್ಕಕ್ಕೆ ಇಡಲು ಹೊರಟರು. ನಾನೇ ತಡೆದು, ಒಂದೊಂದನ್ನೂ ತೆರೆದು, ಡಿಸ್ಕ್ ಎಣಿಸಿ ತೋರಿಸಿದೆ.