ಅದೇ ರಾಗ, ಅದೇ ಹಾಡು

ಪಾಪ್ ಗಾಯಕರ ಮಾತು ಬಂದಾಗಲೆಲ್ಲ ಒಂದು ಗೇಲಿ ಕೇಳಿಬರುತ್ತದೆ. ಒಂದು ಹಾಡು ಗೆದ್ದರೆ ಸಾಕು, ಮುಂದಿನ ಹತ್ತು ಹಾಡುಗಳೂ ಅದರ ಅವಳಿ ಮಕ್ಕಳೇ! ಪದಗಳು ಬದಲಾಗಿರುತ್ತವೆ, ತಾಳ ಅದೇ. ಹೆಸರು ಹೊಸದು, ಧಾಟಿ ಅದೇ. ನಿನ್ನೆಯ ತಂಗಳನ್ನಕ್ಕೆ ಇಂದು ಒಗ್ಗರಣೆ ಹಾಕಿ ಬಡಿಸಿದಂತೆ. ಈ ಗೇಲಿಯಲ್ಲಿ ನಾವೂ ಪಾಲ್ಗೊಂಡವರೇ. ಆದರೆ ನಕ್ಕು ಸುಮ್ಮನಾಗುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಗಿದೆ. ಈ ಪುನರಾವರ್ತನೆ ಯಾರ ಇಚ್ಛೆ? ಹಾಡುವವನದೇ? ಕೇಳುವವನದೇ? ಅಥವಾ ಇವರಿಬ್ಬರ ನಡುವೆ ಗಲ್ಲಾಪೆಟ್ಟಿಗೆ ಇಟ್ಟುಕೊಂಡು ಕುಳಿತವನದೇ?

ಗಲ್ಲಾಪೆಟ್ಟಿಗೆಯವನ ಉತ್ತರ ಸದಾ ಸಿದ್ಧವಾಗಿರುತ್ತದೆ: 'ನಾವೇನು ಮಾಡೋಣ, ಜನ ಕೇಳುವುದನ್ನೇ ಕೊಡುತ್ತಿದ್ದೇವೆ.' ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಉತ್ತರ ಸುಳ್ಳು ಎಂಬುದೇ ನಮ್ಮ ವಾದ. ಅದಕ್ಕೆ ಸಾಕ್ಷಿ ಬೇರೆಲ್ಲೂ ಇಲ್ಲ, ಆ ಉದ್ಯಮದ ಚರಿತ್ರೆಯಲ್ಲೇ ಇದೆ.

ಅಮೆರಿಕದ ಡೆಟ್ರಾಯಿಟ್ ಕಾರುಗಳ ನಗರ. ಅಲ್ಲಿ ಲಿಂಕನ್-ಮರ್ಕ್ಯುರಿ ಕಾರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಬೆರಿ ಗಾರ್ಡಿ ಎಂಬ ಕರಿಯ ಯುವಕ 1959ರಲ್ಲಿ ಹಾಡಿನ ಕಂಪೆನಿಯೊಂದನ್ನು ಆರಂಭಿಸಿದ. ಅದೇ ಮುಂದೆ ಲೋಕಪ್ರಸಿದ್ಧವಾದ ಮೋಟೌನ್. ಕಾರು ಹೇಗೆ ಒಂದೊಂದೇ ಕೈಯಿಂದ ಮುಂದಕ್ಕೆ ಸರಿಯುತ್ತಾ ಸಿದ್ಧವಾಗುತ್ತದೋ ಹಾಗೆಯೇ ಹಾಡೂ ಸಿದ್ಧವಾಗಬೇಕೆಂಬುದು ಅವನ ಕನಸು. ಬರೆಯುವವರು ಬೇರೆ, ನುಡಿಸುವವರು ಬೇರೆ, ಹಾಡುವವರು ಬೇರೆ, ಕೊನೆಗೆ ಪರೀಕ್ಷಿಸಿ ಮುದ್ರೆ ಒತ್ತುವವರು ಬೇರೆ. ವರ್ಣಭೇದ ತಾಂಡವವಾಡುತ್ತಿದ್ದ ದೇಶದಲ್ಲಿ ಕರಿಯರ ಹಾಡನ್ನು ಬಿಳಿಯರ ಮನೆಯೊಳಕ್ಕೆ ತಲುಪಿಸಿದ ಈ ಸಾಧನೆ ಸಣ್ಣದಲ್ಲ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾರ್ಖಾನೆಗೆ ಒಂದು ಸ್ವಭಾವವಿದೆ. ಒಮ್ಮೆ ಗೆದ್ದ ಅಚ್ಚನ್ನು ಅದು ಎಸೆಯುವುದಿಲ್ಲ.

1965ರಲ್ಲಿ ಅಲ್ಲಿನ 'ಫೋರ್ ಟಾಪ್ಸ್' ಎಂಬ ನಾಲ್ವರ ತಂಡದ 'ಐ ಕಾಂಟ್ ಹೆಲ್ಪ್ ಮೈಸೆಲ್ಫ್' ಹಾಡು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇದನ್ನು ಕಂಡು ತಂಡದ ಹಳೆಯ ಕಂಪೆನಿ ತನ್ನಲ್ಲಿ ಬಿದ್ದಿದ್ದ ಹಳೆಯ ಧ್ವನಿಮುದ್ರಣವೊಂದನ್ನು ಮಾರುಕಟ್ಟೆಗೆ ಬಿಡಲು ಹೊರಟಿತು. ಸುದ್ದಿ ತಿಳಿದದ್ದೇ ತಡ, ಮೋಟೌನ್‌ನಲ್ಲಿ ಓಡಾಟ ಶುರುವಾಯಿತು. ಹಾಲೆಂಡ್ ಸಹೋದರರು ಮತ್ತು ಡೋಜಿಯರ್ ಸೇರಿ ಸುಮಾರು ಒಂದೇ ದಿನದೊಳಗೆ ಹೊಸ ಹಾಡೊಂದನ್ನು ಹೊಸೆದು ಕೊಟ್ಟರು. ಹಿಂದಿನ ಹಾಡಿನದೇ ಲಯ, ಹಿಂದಿನ ಹಾಡಿನದೇ ನಡಿಗೆ. ಅದರ ಹೆಸರು ಏನು ಗೊತ್ತೇ? 'ಇಟ್ಸ್ ದ ಸೇಮ್ ಓಲ್ಡ್ ಸಾಂಗ್'. ಅರ್ಥಾತ್ 'ಅದೇ ಹಳೆಯ ಹಾಡು'! ಅದು ಐದನೆಯ ಸ್ಥಾನದವರೆಗೆ ಏರಿತು. ಇಲ್ಲಿ ಗಮನಿಸಬೇಕಾದುದು ಒಂದೇ. ಆ ಹಾಡನ್ನು ಜನ ಕೇಳಿರಲಿಲ್ಲ. ಎದುರಾಳಿ ಕಂಪೆನಿಯ ಭಯ ಕೇಳಿತ್ತು.

ಇಪ್ಪತ್ತೆರಡು ವರ್ಷಗಳ ಬಳಿಕ ಲಂಡನ್ನಿನಲ್ಲಿ ಇದೇ ಕಥೆ ಮರುಕಳಿಸಿತು. ಸ್ಟಾಕ್, ಏಟ್ಕನ್, ವಾಟರ್‌ಮನ್ ಎಂಬ ಮೂವರು ನಿರ್ಮಾಪಕರು 1987ರಲ್ಲಿ ರಿಕ್ ಆಸ್ಟ್ಲಿ ಎಂಬ ಹುಡುಗನಿಂದ 'ನೆವರ್ ಗೊನ್ನಾ ಗಿವ್ ಯೂ ಅಪ್' ಹಾಡಿಸಿದರು. 1988ರ ಆರಂಭದಲ್ಲಿ ಬಂದ 'ಟುಗೆದರ್ ಫಾರೆವರ್' ಅದರ ಸಾಕ್ಷಾತ್ ತಮ್ಮನಂತಿತ್ತು. ಎರಡೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದವು. ಕೆಲವೇ ವರ್ಷಗಳಲ್ಲಿ ಆಸ್ಟ್ಲಿ ಸಂಗೀತದಿಂದಲೇ ದೂರ ಸರಿದರು. 2016ರಲ್ಲಿ, ಐವತ್ತರ ವಯಸ್ಸಿನಲ್ಲಿ, ತಾವೇ ಬರೆದು ತಾವೇ ರೂಪಿಸಿದ '50' ಎಂಬ ಸಂಕಲನವನ್ನು ಹೊರತಂದರು. ಬ್ರಿಟನ್ನಿನಲ್ಲಿ ಅದೂ ಮೊದಲ ಸ್ಥಾನ ಪಡೆಯಿತು. ಹಾಗಾದರೆ ಅಚ್ಚು ಬೇಕಾಗಿದ್ದದ್ದು ಯಾರಿಗೆ?

ಇದಕ್ಕಿಂತ ವಿಚಿತ್ರವಾದುದು ಜಾನ್ ಫೋಗರ್ಟಿಯ ಪ್ರಕರಣ. 'ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್' ತಂಡದ ಈ ಗಾಯಕ 1970ರಲ್ಲಿ 'ರನ್ ಥ್ರೂ ದ ಜಂಗಲ್' ಎಂಬ ಹಾಡು ಬರೆದು ಹಾಡಿದರು. ಹಾಡಿನ ಹಕ್ಕು ಫ್ಯಾಂಟಸಿ ಎಂಬ ಕಂಪೆನಿಯ ಪಾಲಾಯಿತು. ಒಪ್ಪಂದದಿಂದ ಬಿಡುಗಡೆ ಪಡೆಯಲು ಅವರು ತಮ್ಮ ಗೌರವಧನವನ್ನೂ ಬಿಟ್ಟುಕೊಡಬೇಕಾಯಿತು. 1985ರಲ್ಲಿ ಬೇರೆ ಕಂಪೆನಿಯಿಂದ 'ದ ಓಲ್ಡ್ ಮ್ಯಾನ್ ಡೌನ್ ದ ರೋಡ್' ಬಂದು ಗೆದ್ದಾಗ ಫ್ಯಾಂಟಸಿ ಕೋರ್ಟಿಗೆ ಹೋಯಿತು. ಆರೋಪವೇನು? ಫೋಗರ್ಟಿ ಫೋಗರ್ಟಿಯಿಂದಲೇ ಕದ್ದಿದ್ದಾರೆ! 1988ರಲ್ಲಿ ಸಾನ್ ಫ್ರಾನ್ಸಿಸ್ಕೋದ ನ್ಯಾಯಾಲಯದಲ್ಲಿ ಅವರು ಗಿಟಾರ್ ಹಿಡಿದು ಸಾಕ್ಷಿಕಟ್ಟೆ ಏರಿದರು. ಇದು ನಕಲಲ್ಲ, ಇದು ನನ್ನ ಕೈಯ ನಡೆ, ನನ್ನ ಶೈಲಿ ಎಂದು ನುಡಿಸಿ ತೋರಿಸಿದರು. ಜ್ಯೂರಿ ಅವರ ಪರ ನಿಂತಿತು. ವಕೀಲರ ಖರ್ಚಿಗಾಗಿ ಅವರು ಮತ್ತೆ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. 1994ರಲ್ಲಿ ಅಲ್ಲಿಯೂ ಗೆದ್ದರು. ತಮ್ಮ ಆ ಹಳೆಯ ಹಾಡುಗಳ ಹಕ್ಕಿನ ಬಹುಪಾಲು ಅವರ ಕೈಗೆ ಮರಳಿದ್ದು 2023ರಲ್ಲಿ.

ಈ ಪ್ರಕರಣ ನಮಗೆ ಬಹಳಷ್ಟು ಕಲಿಸುತ್ತದೆ. ಕಂಪೆನಿಯ ಸೂರಿನಡಿ ಇದ್ದಾಗ 'ಶೈಲಿ' ಎನಿಸಿಕೊಂಡದ್ದು ಸೂರು ಬಿಟ್ಟೊಡನೆ 'ಕಳವು' ಆಗುತ್ತದೆ. ಒಬ್ಬ ಮನುಷ್ಯ ತನ್ನಂತೆಯೇ ಹಾಡುವುದಕ್ಕೂ ಇನ್ನೊಬ್ಬನ ಅನುಮತಿ ಬೇಕೆಂದಾದರೆ ಅಲ್ಲಿ ಪ್ರಶ್ನೆ ಸಂಗೀತದ್ದಲ್ಲ, ಒಡೆತನದ್ದು.

ಇಲ್ಲಿ ಓದುಗರು ನಮ್ಮನ್ನು ತಡೆದು ಕೇಳಬಹುದು: ನಮ್ಮಲ್ಲಿಯೂ ಪುನರಾವರ್ತನೆ ಇಲ್ಲವೇ? ಯಕ್ಷಗಾನದ ಭಾಗವತರು ಒಂದೇ ಮಟ್ಟಿನಲ್ಲಿ ಹತ್ತು ಪ್ರಸಂಗಗಳ ಪದಗಳನ್ನು ಹಾಡುವುದಿಲ್ಲವೇ? ಉತ್ತರ ಕರ್ನಾಟಕದ ಮೊಹರಂನಲ್ಲಿ ಹಿಂದೂ ಮುಸ್ಲಿಮರು ಕೂಡಿ ಹಾಡುವ ರಿವಾಯತ್ ಪದಗಳು ತಲೆಮಾರುಗಳಿಂದ ಬಂದ ಧಾಟಿಗಳಲ್ಲೇ ನಡೆಯುವುದಿಲ್ಲವೇ? ಹಿಂದೂಸ್ತಾನಿ ಗಾಯಕರು ಒಂದೇ ರಾಗವನ್ನು ಜೀವನವಿಡೀ ಹಾಡುವುದಿಲ್ಲವೇ? ಖಂಡಿತ. ಆದರೆ ಅಲ್ಲಿ ಯಾರೂ ಹಳೆಯದನ್ನು ಹೊಸದೆಂದು ಮಾರುವುದಿಲ್ಲ. ಧಾಟಿ ಎಲ್ಲರ ಸೊತ್ತು. ಅದರೊಳಗೆ ಹಾಡುಗಾರ ಏನನ್ನು ಹೇಳುತ್ತಾನೆ, ಎಷ್ಟು ಆಳಕ್ಕೆ ಇಳಿಯುತ್ತಾನೆ ಎಂಬುದೇ ಮುಖ್ಯ. ರಾಗ ಬಾವಿಯಿದ್ದಂತೆ, ಎಷ್ಟು ಸೇದಿದರೂ ಹೊಸ ನೀರು ಒರತೆಯಾಗುತ್ತದೆ. ಅಚ್ಚು ಹಾಗಲ್ಲ, ಅದರಿಂದ ಇಟ್ಟಿಗೆಯ ಮೇಲೆ ಇಟ್ಟಿಗೆ ಮಾತ್ರ ಬರುತ್ತದೆ.

ನಾವು ವಿರೋಧಿಸುತ್ತಿರುವುದು ಪುನರಾವರ್ತನೆಯನ್ನಲ್ಲ. ಪುನರಾವರ್ತನೆಯ ನೆಪದಲ್ಲಿ ಬಾಗಿಲ ಹೊರಗೆ ನಿಲ್ಲಿಸಲಾಗುವ ಹಾಡುಗಳ ಬಗ್ಗೆ ನಮಗೆ ಚಿಂತೆ. ಮತ್ತೆ ಡೆಟ್ರಾಯಿಟ್‌ಗೇ ಹೋಗೋಣ. ಅದೇ ಫೋರ್ ಟಾಪ್ಸ್ ತಂಡದ ರೆನಾಲ್ಡೋ ಬೆನ್ಸನ್ 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ರತಿಭಟನಾಕಾರರ ಮೇಲೆ ಪೊಲೀಸರು ನಡೆಸಿದ ಹಿಂಸೆಯನ್ನು ಕಂಡರು. ಏನಾಗುತ್ತಿದೆ ಇಲ್ಲಿ ಎಂದು ಮನಸ್ಸು ಕೇಳಿತು. ಹಾಡೊಂದು ಹುಟ್ಟಿತು. ಆದರೆ ಅವರ ಸ್ವಂತ ತಂಡವೇ, ಇದು ಪ್ರತಿಭಟನೆಯ ಹಾಡು, ನಮಗೆ ಬೇಡ ಎಂದಿತು. ಕೊನೆಗೆ ಅದನ್ನು ಕೈಗೆತ್ತಿಕೊಂಡು ತಿದ್ದಿ ಬೆಳೆಸಿ ಹಾಡಿದವರು ಮಾರ್ವಿನ್ ಗೇ. ಅದುವೇ 'ವಾಟ್ಸ್ ಗೋಯಿಂಗ್ ಆನ್'. ಬೆರಿ ಗಾರ್ಡಿಗೆ ಅದು ಸರಿಬರಲಿಲ್ಲ. ಮಾರ್ವಿನ್ ಗೇ ಪಟ್ಟು ಸಡಿಲಿಸಲಿಲ್ಲ. ಈ ಹಾಡು ಬಿಡುಗಡೆಯಾಗದೆ ನಿಮಗೆ ಬೇರಾವ ಹಾಡನ್ನೂ ಹಾಡಿಕೊಡುವುದಿಲ್ಲ ಎಂದು ಕುಳಿತರು. 1971ರ ಜನವರಿಯಲ್ಲಿ ಅದು ಹೊರಬಂತು. ಜನ ಮುಗಿಬಿದ್ದು ಕೊಂಡರು. ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೂ ಏರಿತು. ಕೂಡಲೇ ಗಾರ್ಡಿ ಓಡಿಬಂದು ಕೇಳಿದ್ದೇನು? ಇದರದೇ ಒಂದು ಇಡೀ ಸಂಕಲನ ಬೇಗ ಕೊಡು!

ಜನ ಕೇಳುವುದನ್ನೇ ಕೊಡುತ್ತೇವೆ ಎನ್ನುವವರಿಗೆ ನಾವು ಈ ಹಾಡನ್ನು ಮುಂದಿಡುತ್ತೇವೆ. ಯುದ್ಧ, ಪೊಲೀಸ್ ದೌರ್ಜನ್ಯ, ಕರಿಯ ತಾಯಂದಿರ ಕಣ್ಣೀರು ಇವೆಲ್ಲವನ್ನೂ ಕೇಳಲು ಜನ ಸಿದ್ಧರಿದ್ದರು. ಕೇಳಿಸಲು ಸಿದ್ಧರಿರದಿದ್ದವರು ಮಾರುವವರು. ಒಬ್ಬ ಮಾರ್ವಿನ್ ಗೇಗೆ ಹಟ ಹಿಡಿಯುವಷ್ಟು ಹೆಸರಿತ್ತು. ಹೆಸರಿಲ್ಲದ ಎಷ್ಟು ಮಂದಿಯ ಹಾಡುಗಳು ಆ ಕಾರ್ಖಾನೆಗಳ ಮೂಲೆಯಲ್ಲೇ ಸತ್ತಿರಬಹುದು?

ನಮ್ಮ ಅಂಗಳವನ್ನೂ ಗುಡಿಸಿಕೊಳ್ಳಬೇಕಾಗಿದೆ. 2006ರ ಕೊನೆಯಲ್ಲಿ 'ಮುಂಗಾರು ಮಳೆ' ಬಂತು. ಮನೋಮೂರ್ತಿಯವರ ಸಂಗೀತ, ಜಯಂತ ಕಾಯ್ಕಿಣಿಯವರ ಸಾಹಿತ್ಯ, ಸೋನು ನಿಗಮ್ ಅವರ ಕಂಠ ಕನ್ನಡ ಚಿತ್ರಗೀತೆಗೆ ಹೊಸ ಉಸಿರು ಕೊಟ್ಟಿತು. ಅದಕ್ಕೆ ನಾವು ಋಣಿಗಳು. ಆದರೆ ಆ ನಂತರದ ವರ್ಷಗಳಲ್ಲಿ ಚಿತ್ರೋದ್ಯಮ ಮಾಡಿದ್ದೇನು? ಮಳೆ ಬೇಕು, ಮೆಲುದನಿ ಬೇಕು, ಅಂಥದ್ದೇ ಇನ್ನೊಂದು ಬೇಕು. ಒಂದು ಹೊಸ ಉಸಿರನ್ನು ಒಂದು ಸೂತ್ರವಾಗಿ ಒಣಗಿಸಲು ಹೆಚ್ಚು ಕಾಲ ಬೇಕಾಗಲಿಲ್ಲ. ತಪ್ಪು ಆ ಕವಿಯದಲ್ಲ, ಸಂಗೀತಗಾರನದಲ್ಲ. ಗೆದ್ದ ಕುದುರೆಯನ್ನು ಮಾತ್ರ ಕುದುರೆ ಎನ್ನುವವರದು.

ಹಾಡುಗಾರರೂ ಆಸೆಗೆ ಬೀಳುತ್ತಾರೆ, ನಿಜ. ಕೇಳುಗರಾದ ನಾವೂ ನಿರಪರಾಧಿಗಳಲ್ಲ. ಪರಿಚಿತ ಧಾಟಿ ಕಿವಿಗೆ ಸುಖ ಕೊಡುತ್ತದೆ, ಅಪರಿಚಿತವಾದುದು ಸ್ವಲ್ಪ ಶ್ರಮ ಕೇಳುತ್ತದೆ. ಇಂದು ಆ ಸೋಮಾರಿತನಕ್ಕೆ ಯಂತ್ರದ ನೆರವೂ ದೊರೆತಿದೆ. ಸ್ಪಾಟಿಫೈಯಂಥ ತಾಣಗಳಲ್ಲಿ 30 ಸೆಕೆಂಡು ಕೇಳಿದರಷ್ಟೇ ಅದು ಲೆಕ್ಕಕ್ಕೆ ಬರುತ್ತದೆ. ನೀವು ನಿನ್ನೆ ಮೆಚ್ಚಿದ ಹಾಡಿನಂಥದ್ದನ್ನೇ ಯಂತ್ರ ಇಂದು ನಿಮ್ಮ ಮುಂದಿಡುತ್ತದೆ. ಮೊದಲ ಅರ್ಧ ನಿಮಿಷದಲ್ಲೇ ಪರಿಚಿತನಂತೆ ಕಾಣದ ಹಾಡಿಗೆ ಅಲ್ಲಿ ಜಾಗ ಕಿರಿದು. ಅಂದು ಗಾರ್ಡಿಯ ಎದುರು ಕುಳಿತು ವಾದಿಸಬಹುದಿತ್ತು. ಯಂತ್ರದ ಎದುರು ಯಾರು ಹಟ ಹಿಡಿಯುವುದು?

ನಾವು ಹಿಡಿಯಬೇಕು. ಅದಕ್ಕೆ ದೊಡ್ಡ ಕ್ರಾಂತಿಯೇನೂ ಬೇಕಿಲ್ಲ. ಮೊದಲ ಸಲ ಹಿಡಿಸದ ಹಾಡನ್ನು ಎರಡನೆಯ ಸಲ ಕೇಳುವ ತಾಳ್ಮೆ ಸಾಕು. ಮೆಚ್ಚಿನ ಗಾಯಕ ಹಳೆಯ ದಾರಿ ಬಿಟ್ಟು ಹೊಸದೊಂದನ್ನು ಹಾಡಿದಾಗ 'ಇವನು ಕೆಟ್ಟ' ಎನ್ನದೆ ಕಿವಿಗೊಡುವ ಔದಾರ್ಯ ಸಾಕು. ಮಕ್ಕಳ ಮುಂದೆ ಒಂದೇ ಧಾಟಿಯನ್ನಲ್ಲ, ಹತ್ತು ಬಗೆಯ ಸ್ವರಗಳನ್ನು ಇಡುವ ಎಚ್ಚರ ಸಾಕು. ಅದೇ ಹಾಡನ್ನು ಮತ್ತೆ ಮತ್ತೆ ಕೇಳಿದ ಕಿವಿ ನೆರೆಯವನ ನರಳಾಟಕ್ಕೂ ಕಿವುಡಾಗುವ ಅಪಾಯವಿದೆ. ಬರ್ಕ್ಲಿಯಲ್ಲಿ ಬೀಸಿದ ಲಾಠಿಯ ಸದ್ದು ಒಂದು ಹಾಡಾಗಿ ಲೋಕಕ್ಕೆ ಕೇಳಿಸಿತು. ಅಂಥ ಹಾಡು ನಮ್ಮ ಬೀದಿಯಲ್ಲಿ ಹುಟ್ಟಿ ಬಾಗಿಲು ತಟ್ಟಿದಾಗ, ನಾವು ಅದೇ ಹಳೆಯ ಹಾಡಿನಲ್ಲಿ ಮೈಮರೆತಿರಬಾರದು.