ಅಪ್ಪೆಮಿಡಿಯ ಋಣ

ಮಲೆನಾಡಿನ ಊಟದ ಎಲೆಯ ಮೇಲೆ ಉಪ್ಪಿನಕಾಯಿಗೆ ದೊರೆಯುವ ಸ್ಥಳ ಕಿರಿದು. ಆದರೆ ಅದಕ್ಕೆ ಸಲ್ಲುವ ಗೌರವ ಹಿರಿದು. ಆ ಗೌರವಕ್ಕೆ ಕಾರಣ ಅಪ್ಪೆಮಿಡಿ. ‘ಅಪ್ಪೆ’ ಎಂದರೆ ಹುಳಿಯೂ ಸುವಾಸನೆಯೂ ಮಿಗಿಲಾಗಿರುವ ಕಾಡುಮಾವು. ‘ಮಿಡಿ’ ಎಂದರೆ ಗೊರಟು ಬಲಿಯದ ಎಳೆಗಾಯಿ. ಇತರ ಮಾವುಗಳು ಹಣ್ಣಾಗಲೆಂದು ಜನ ಕಾಯುತ್ತಾರೆ. ಅಪ್ಪೆಯನ್ನು ಮಾತ್ರ ಹಣ್ಣಾಗಗೊಡುವುದಿಲ್ಲ. ಅದರ ಹಿರಿಮೆಯೂ ಅದಕ್ಕೊದಗಿರುವ ಆಪತ್ತೂ ಈ ಒಂದು ಸಂಗತಿಯಲ್ಲಿಯೇ ಅಡಗಿವೆ.

ಅಪ್ಪೆಯ ತವರು ಹೊಳೆಯ ದಂಡೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರವನ್ನು ಹಾದು ಸಾಗರದ ಕಡೆಗೆ ಹರಿಯುತ್ತದೆ. ಹೊಸನಗರದ ಹುಂಚದ ಬಳಿ ಕುಮುದ್ವತಿಯೂ, ಸಾಗರದ ವರದಾಮೂಲದಲ್ಲಿ ವರದೆಯೂ ಹುಟ್ಟುತ್ತವೆ. ಇಂತಹ ಹೊಳೆಗಳ ತೇವದ ದಡಗಳಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಈ ಮರಗಳು ಬೆಳೆದು ಬಂದಿವೆ. ಒಂದು ಮರದ ಹೂವಿಗೆ ಮತ್ತೊಂದು ಮರದ ಪರಾಗ ಸೇರುವುದರಿಂದ ಗೊರಟಿನಿಂದ ಹುಟ್ಟಿದ ಸಸಿಯು ತಾಯಿಮರವನ್ನು ಪೂರ್ಣವಾಗಿ ಹೋಲುವುದಿಲ್ಲ. ಆದುದರಿಂದ ಒಂದೊಂದು ಮರಕ್ಕೂ ಒಂದೊಂದು ಗುಣ. ಜೀರಿಗೆಯ ಪರಿಮಳವುಳ್ಳದ್ದು ಜೀರಿಗೆ ಮಿಡಿ, ಕರ್ಪೂರದ ಪರಿಮಳವುಳ್ಳದ್ದು ಕರ್ಪೂರ ಮಿಡಿ. ವ್ಯಕ್ತಿಯೊಬ್ಬನ ಹೆಸರನ್ನೇ ಹೊತ್ತು ಪ್ರಸಿದ್ಧವಾದುದು ಅನಂತಭಟ್ಟನ ಅಪ್ಪೆ.

ಅಪ್ಪೆಯ ಜೀವಾಳ ಅದರ ಸೊನೆ. ಪರಿಮಳ ಇರುವುದೂ ಅದರಲ್ಲಿಯೇ, ಮಿಡಿ ಕೆಡದಂತೆ ಕಾಯುವುದೂ ಅದೇ. ಆದಕಾರಣ ಮಿಡಿಯನ್ನು ತೊಟ್ಟುಸಹಿತ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿಯು ಇಡೀ ಭರಣಿಯನ್ನು ಕೆಡಿಸಬಲ್ಲದು. ಬಲ್ಲವರು ಮರವೇರಿ, ಕೊಯ್ದ ಮಿಡಿಗಳನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಮೆಲ್ಲನೆ ಇಳಿಸುತ್ತಾರೆ. ಮನೆಯಲ್ಲಿ ಮಿಡಿಗಳನ್ನು ಉಪ್ಪಿನೊಡನೆ ಪದರಪದರವಾಗಿ ಹರಡುತ್ತಾರೆ. ಉಪ್ಪು ನೀರನ್ನು ಸೆಳೆದು ಮಿಡಿ ಸುಕ್ಕುಗಟ್ಟಿದ ಮೇಲೆ ಸಾಸಿವೆ, ಮೆಣಸಿನಕಾಯಿಗಳ ಖಾರ ಬೆರೆಸುತ್ತಾರೆ. ಹೀಗೆ ಸಿದ್ಧವಾದ ಉಪ್ಪಿನಕಾಯಿ ಹಲವು ವರ್ಷ ಕೆಡದೆ ಉಳಿಯುತ್ತದೆ.

ಆದರೆ ಭರಣಿ ತುಂಬಿಸಿದ ಮರಕ್ಕೆ ಮನುಷ್ಯನು ಕೊಟ್ಟುದೇನು? ಗೊರಟು ಬಲಿಯುವ ಮೊದಲೇ ಕಾಯಿಯನ್ನು ಕೊಯ್ದರೆ ಮರಕ್ಕೆ ಸಂತಾನವಿಲ್ಲ. ಮಿಡಿ ಉತ್ತಮವಾದಷ್ಟೂ ಕೊಯ್ಲು ಹೆಚ್ಚು. ಕೊಯ್ಲು ಹೆಚ್ಚಿದಷ್ಟೂ ಸಸಿಗಳು ಕಡಿಮೆ. ಹೊಳೆದಂಡೆಯ ಮರಕ್ಕೆ ಒಡೆಯನಿಲ್ಲದಿರುವುದರಿಂದ ಮೊದಲು ಬಂದವನಿಗೆ ಮಿಡಿ ಎಂಬಂತಾಗಿದೆ. ನಾಳೆ ಬೇರೊಬ್ಬನು ಕೊಯ್ದಾನೆಂಬ ಆತುರದಿಂದ ಕೊಂಬೆಗಳನ್ನೇ ಕಡಿದು ಕೆಡವುವವರೂ ಇದ್ದಾರೆ. ಕೊಯ್ಯುವವನ ಬಡತನವನ್ನು ಮರೆಯಬಾರದು. ಆದರೆ ಕಡಿದ ಕೊಂಬೆ ಮುಂದಿನ ವರ್ಷ ಅವನ ಹಸಿವನ್ನೂ ನೀಗದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರಗಳಲ್ಲಿ ಶರಾವತಿಯ ದಡಗಳು ಬಹುದೂರದವರೆಗೆ ನೀರಿನಡಿ ಸೇರಿದವು. ಉಳಿದ ದಡಗಳ ಬೆಲೆ ಅಂದಿನಿಂದ ಇಮ್ಮಡಿಯಾಯಿತೆಂದೇ ತಿಳಿಯಬೇಕು.

2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಮಾನ್ಯತೆ ಹೆಸರನ್ನು ಕಾಯುತ್ತದೆ, ಮರವನ್ನು ಕಾಯುವುದಿಲ್ಲ. ಕಸಿ ಕಟ್ಟುವ ವಿದ್ಯೆಯಿಂದ ಆಯ್ದ ತಳಿಗಳು ಇಂದು ತೋಟಗಳನ್ನು ಸೇರುತ್ತಿವೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಅಪ್ಪೆಯ ತಳಿಗಳನ್ನು ಸಂಗ್ರಹಿಸಿದೆ. ಕಸಿಯ ಗಿಡಗಳಿರುವಾಗ ಕಾಡಿನ ಮರದ ಚಿಂತೆ ಏಕೆಂದು ಕೆಲವರು ಕೇಳಬಹುದು. ಕಸಿಯು ಇರುವ ಗುಣವನ್ನು ಉಳಿಸುತ್ತದೆ. ಇಲ್ಲದ ಹೊಸ ಗುಣವನ್ನು ಅದು ತಾನಾಗಿ ಹುಟ್ಟಿಸಲಾರದು. ಜೀರಿಗೆ ಮಿಡಿಯನ್ನು ಯಾವ ತೋಟಗಾರನೂ ಕಲ್ಪಿಸಿ ಸೃಷ್ಟಿಸಲಿಲ್ಲ. ಹೊಳೆಯ ದಡದಲ್ಲಿ ಗೊರಟೊಂದು ಮೊಳೆತಾಗ ಅದು ದೊರೆಯಿತು. ಇನ್ನೂ ಹೆಸರಿಡದ ಪರಿಮಳಗಳು ಬರಬೇಕಾದುದೂ ಆ ದಡದಿಂದಲೇ.

ಆದುದರಿಂದ ಎರಡೂ ಕೆಲಸ ಜೊತೆಯಾಗಿ ನಡೆಯಬೇಕು. ಒಳ್ಳೆಯ ಮರದ ಕಡ್ಡಿಯನ್ನು ತಂದು ಕಸಿ ಕಟ್ಟಿ ಹಿತ್ತಿಲಲ್ಲಿ ಬೆಳೆಸುವುದು ಒಂದು. ಕಾಡಿನ ಪ್ರತಿ ಮರದಲ್ಲಿಯೂ ಒಂದೆರಡು ಕೊಂಬೆಗಳ ಕಾಯಿಗಳನ್ನು ಕೊಯ್ಯದೆ ಹಣ್ಣಾಗಲು ಬಿಡುವುದು ಮತ್ತೊಂದು. ಊರಿನವರೇ ಕೂಡಿ ಈ ಕಟ್ಟಳೆಯನ್ನು ಮಾಡಿಕೊಂಡರೆ ಅದಕ್ಕಿಂತ ದೊಡ್ಡ ಕಾವಲು ಬೇಕಿಲ್ಲ. ಹಾಗೆ ಬಿಟ್ಟ ಹಣ್ಣು ಹಕ್ಕಿಗೋ ಮಂಗಕ್ಕೋ ಆಹಾರವಾದೀತು. ಅದರ ಗೊರಟು ಹೊಳೆಯ ಮಣ್ಣಿಗೆ ಬಿದ್ದೀತು. ಅದನ್ನು ನಷ್ಟವೆಂದು ಬಗೆಯದೆ ತೀರಿಸಿದ ಋಣವೆಂದು ಬಗೆಯುವುದೇ ವಿವೇಕ.